ತಿಂಗಳ ಶುಲ್ಕ ಎಷ್ಟು ಎಂದಷ್ಟೇ ಕೇಳಿದರೆ ಸಾಲದು: ಪುಣೆಯಲ್ಲಿ ಹಿರಿಯರ ಆರೈಕೆ ವಸತಿಯ ಖರ್ಚು ಮತ್ತು ನೆರವು

ಅಮ್ಮ ಧಾರವಾಡದಲ್ಲೋ ವಿಜಯಪುರದಲ್ಲೋ ಒಬ್ಬರೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನೀವು ಪುಣೆಗೆ ಕರೆತಂದಿರಿ. ಈಗ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅಮ್ಮ ಒಂಟಿ. ಪರಿಚಿತರು 'ಅಸಿಸ್ಟೆಡ್ ಲಿವಿಂಗ್ ನೋಡಿ' ಅನ್ನುತ್ತಾರೆ. ಫೋನ್ ಮಾಡಿದರೆ ಆ ಕಡೆಯಿಂದ ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ನಿಮ್ಮ ಕೈಗೆ ಎಟುಕುವಂತಿದ್ದರೆ ಅರ್ಧ ಚಿಂತೆ ಕಳೆದಂತೆ ಅನ್ನಿಸುತ್ತದೆ.

ಆದರೆ ಆ ಅಂಕಿ ಇಂದಿನ ಸ್ಥಿತಿಗೆ ಹೇಳಿದ್ದು. ಹಿರಿಯರಿಗೆ ಬೇಕಾಗುವ ಸಹಾಯ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಅದರ ಜೊತೆ ಶುಲ್ಕವೂ ಏರುತ್ತದೆ. ನಮ್ಮ ದೇಶದಲ್ಲಿ ವಿಮೆಯಾಗಲಿ ಸರ್ಕಾರದ ಯೋಜನೆಯಾಗಲಿ ಹಣ ಕೊಡುವುದು ಬಹುತೇಕ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ರಾತ್ರಿ ಎಬ್ಬಿಸಿ ಶೌಚಕ್ಕೆ ಕರೆದೊಯ್ಯುವುದು, ಇಂಥ ದಿನನಿತ್ಯದ ಆರೈಕೆಯ ಹಣವನ್ನು ಮನೆಯವರೇ ಹೊಂದಿಸಬೇಕು. ಹೀಗಾಗಿ ಚಿಕಿತ್ಸೆಯ ಹಣವನ್ನೂ ಆರೈಕೆಯ ಹಣವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಮಾತು ಸುಲಭವಾಗಲಿ ಎಂದು ಇಲ್ಲಿ ಅಮ್ಮನ ಉದಾಹರಣೆ ಕೊಟ್ಟಿದ್ದೇವೆ. ಅಪ್ಪನಿಗೂ ಇದೇ ಲೆಕ್ಕ.

ಯಾವುದಕ್ಕೆ ಎಷ್ಟು?

ಪುಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ. ಕೆಳಗಿನ ದರಗಳು ಅಂದಾಜು ಮಾತ್ರ. ಬಡಾವಣೆ, ಕೋಣೆ, ಸಿಬ್ಬಂದಿಯ ಸಂಖ್ಯೆ ನೋಡಿ ಹೆಚ್ಚು ಕಡಿಮೆ ಆಗುತ್ತವೆ.

- ಟ್ರಸ್ಟ್ ನಡೆಸುವ ವೃದ್ಧಾಶ್ರಮ: ತಿಂಗಳಿಗೆ ಸುಮಾರು 8,000ದಿಂದ 20,000 ರೂ. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನೇ ಸೇರಿಸಿಕೊಳ್ಳುವ ಕಡೆ ಹೆಚ್ಚು. ಹಾಸಿಗೆ ಹಿಡಿದರೆ ಕರೆದೊಯ್ಯಲು ಹೇಳಬಹುದು.
- ಸೀನಿಯರ್ ಲಿವಿಂಗ್ ಫ್ಲ್ಯಾಟ್: ಹಿರಿಯರಿಗೆಂದೇ ಕಟ್ಟಿದ ವಸತಿ ಸಂಕೀರ್ಣ. ಫ್ಲ್ಯಾಟ್ ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು. ಊಟ, ಭದ್ರತೆ, ಕರೆಗಂಟೆ ಇರುತ್ತವೆ. ಮೈ ಮುಟ್ಟಿ ಮಾಡುವ ಆರೈಕೆ ಇದರಲ್ಲಿ ಸೇರಿರುವುದಿಲ್ಲ.
- ಅಸಿಸ್ಟೆಡ್ ಲಿವಿಂಗ್: ಸುಮಾರು 25,000ದಿಂದ 60,000 ರೂ. ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇದ್ದವರಿಗೆ ಅಥವಾ ಹಾಸಿಗೆ ಹಿಡಿದವರಿಗೆ ಇದು 40,000ದಿಂದ 80,000, ಕೆಲವೆಡೆ ಅದಕ್ಕೂ ಹೆಚ್ಚು.
- ಮನೆಯಲ್ಲೇ ಆರೈಕೆ: ಬ್ಯೂರೋದಿಂದ ಬರುವ 'ಮಾವಶಿ' ಅಥವಾ 'ಮಾಮಾ'ಗೆ 12 ತಾಸಿಗಾದರೆ ತಿಂಗಳಿಗೆ 18,000ದಿಂದ 25,000, ಮನೆಯಲ್ಲೇ ಉಳಿದರೆ 25,000ದಿಂದ 40,000 ರೂ. ಒಬ್ಬರೇ ಹಗಲೂ ರಾತ್ರಿಯೂ ಎಚ್ಚರವಿರಲು ಆಗದು. ರಾತ್ರಿ ಮೂರು ನಾಲ್ಕು ಸಲ ಏಳುವ ಹಿರಿಯರಿಗೆ ಇಬ್ಬರು ಬೇಕಾಗುತ್ತಾರೆ, ಖರ್ಚು ದುಪ್ಪಟ್ಟಾಗುತ್ತದೆ.

ಖರ್ಚನ್ನು ನಿರ್ಧರಿಸುವ ಆರು ಕೆಲಸಗಳು

ಹಿರಿಯರಿಗೆ ಎಷ್ಟು ಸಹಾಯ ಬೇಕು ಎಂದು ಅಳೆಯಲು ವೈದ್ಯರು ಆರು ಕೆಲಸಗಳನ್ನು ನೋಡುತ್ತಾರೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ತಾವೇ ಊಟ ಮಾಡುವುದು. ಇದಕ್ಕೆ ಕಾಟ್ಜ್ ಸೂಚ್ಯಂಕ ಎನ್ನುತ್ತಾರೆ. ಒಂದೊಂದು ಕೆಲಸಕ್ಕೂ ಒಂದೊಂದು ಅಂಕ. ಆರಕ್ಕೆ ಆರು ಬಂದರೆ ಸ್ವತಂತ್ರರು, ಎರಡು ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಆಸರೆ ಬೇಕು.

ವಸತಿಗೆ ಫೋನ್ ಮಾಡುವ ಮೊದಲು ಒಂದು ವಾರ ಈ ಆರನ್ನೂ ಗಮನಿಸಿ ಬರೆದಿಡಿ. 'ಅಮ್ಮ ಗಟ್ಟಿಯಾಗಿದ್ದಾರೆ, ಸ್ವಲ್ಪ ಮರೆವು ಅಷ್ಟೇ' ಎಂದು ಹೇಳಿ ಕಡಿಮೆ ದರಕ್ಕೆ ಸೇರಿಸಿದರೆ, ಎರಡನೇ ತಿಂಗಳಲ್ಲೇ 'ಇವರಿಗೆ ಪ್ರತ್ಯೇಕ ಆಯಾ ಬೇಕು' ಎಂಬ ಕರೆ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸರಿಯಾದ ದರ ಮೊದಲೇ ಗೊತ್ತಾಗುತ್ತದೆ.

ಸೇರಿಸುವ ಮೊದಲು ವೈದ್ಯರಿಗೆ ತೋರಿಸಿ

ಕೆಲವರ ಮರೆವು, ಗೊಂದಲ, ನಿಶ್ಶಕ್ತಿಗೆ ಚಿಕಿತ್ಸೆ ಇರುತ್ತದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ಖಿನ್ನತೆ, ಕಿವಿ ಕೇಳದಿರುವುದು, ಕಣ್ಣಿನ ಪೊರೆ, ಹಲವು ಮಾತ್ರೆಗಳ ಅಡ್ಡ ಪರಿಣಾಮ, ಇವೆಲ್ಲ ಹಿರಿಯರನ್ನು ಪರಾವಲಂಬಿಗಳನ್ನಾಗಿ ಮಾಡಬಲ್ಲವು. ಒಂದೆರಡು ದಿನಗಳಲ್ಲಿ ಏಕಾಏಕಿ ಗೊಂದಲ ಶುರುವಾದರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದವರಿಗೂ ಇದೇ ಮಾತು. ಮೊದಲ ಕೆಲವು ತಿಂಗಳು ಫಿಸಿಯೋಥೆರಪಿ ಬಿಡದೆ ಮಾಡಿಸಿದರೆ ಅನೇಕರು ವಾಕರ್ ಹಿಡಿದು ತಾವೇ ಶೌಚಕ್ಕೆ ಹೋಗುವಂತಾಗುತ್ತಾರೆ. ಇದರಿಂದ ಅವರ ಮರ್ಯಾದೆಯೂ ಉಳಿಯುತ್ತದೆ, ನಿಮ್ಮ ಖರ್ಚೂ ಇಳಿಯುತ್ತದೆ.

ಖಾಸಗಿ ಆಸ್ಪತ್ರೆ ದುಬಾರಿ ಎನಿಸಿದರೆ ಸರ್ಕಾರಿ ವ್ಯವಸ್ಥೆಯಿದೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಹೊರರೋಗಿ ಸೇವೆ ಇರಬೇಕೆಂದಿದೆ. ಪುಣೆಯ ಜಿಲ್ಲಾ ಆಸ್ಪತ್ರೆ ಔಂಧ್‌ನಲ್ಲಿದೆ.

ಶುಲ್ಕದ ಹೊರಗೆ ಏನೇನು?

'ತಿಂಗಳಿಗೆ 45,000' ಅಂದರೆ ಅದರಲ್ಲಿ ಸಾಮಾನ್ಯವಾಗಿ ಕೋಣೆ, ಊಟ, ಬಟ್ಟೆ ಒಗೆಯುವುದು, ಪಾಳಿಯ ಸಿಬ್ಬಂದಿ ಸೇರಿರುತ್ತದೆ. ಇವು ಹೊರಗಿರುವುದು ಹೆಚ್ಚು: ಔಷಧ, ಡಯಾಪರ್, ರಕ್ತ ಪರೀಕ್ಷೆ, ತಜ್ಞ ವೈದ್ಯರ ಭೇಟಿ, ಫಿಸಿಯೋಥೆರಪಿ, ಆಸ್ಪತ್ರೆಗೆ ಹೋಗುವಾಗ ಆಂಬ್ಯುಲೆನ್ಸ್ ಮತ್ತು ಜೊತೆಗಾರರ ಖರ್ಚು.

ಡಯಾಪರ್ ಲೆಕ್ಕವನ್ನೇ ನೋಡಿ. ಒಂದಕ್ಕೆ 40 ರೂ. ಎಂದಿಟ್ಟುಕೊಂಡರೂ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 4,800 ರೂ. ಆಗುತ್ತದೆ.

ಜಿಎಸ್‌ಟಿ ಬಗ್ಗೆಯೂ ಕೇಳಿ. ಸರ್ಕಾರ ಅಥವಾ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ ಊಟ ವಸತಿ ಎಲ್ಲ ಸೇರಿ ತಿಂಗಳಿಗೆ 25,000 ರೂ. ವರೆಗಿನ ಶುಲ್ಕಕ್ಕೆ ವಿನಾಯಿತಿ ಇದೆ. ಕಂಪನಿಗಳು ನಡೆಸುವ ವಸತಿಯಲ್ಲಿ 'ತೆರಿಗೆ ಸೇರಿ ಎಷ್ಟು' ಎಂದೇ ಕೇಳಬೇಕು.

ಐದು ವರ್ಷದ ಲೆಕ್ಕ ಹಾಕಿ

ಒಂದು ಕಾಲ್ಪನಿಕ ಉದಾಹರಣೆ. ಅಮ್ಮನಿಗೆ ಕುಟುಂಬ ಪಿಂಚಣಿ 22,000 ರೂ. ಊರಿನ ಮನೆಯ ಬಾಡಿಗೆ 10,000. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇದೆ. ಶೇ 8.2 ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 30,750, ಅಂದರೆ ತಿಂಗಳಿಗೆ 10,250. ಒಟ್ಟು ಆದಾಯ 42,250.

ಮೊದಲ ವರ್ಷ ಶುಲ್ಕ 45,000, ಔಷಧ ಮತ್ತು ಇತರೆ 10,000. ಒಟ್ಟು 55,000. ತಿಂಗಳಿಗೆ 12,750 ಕೊರತೆ. ಮಕ್ಕಳು ಇಬ್ಬರಿದ್ದರೆ ಹಂಚಿಕೊಳ್ಳಬಹುದು.

ಶುಲ್ಕ ವರ್ಷಕ್ಕೆ ಶೇ 8ರಂತೆ ಏರಿದರೆ ಐದನೇ ವರ್ಷಕ್ಕೆ ಅದೇ ಕೋಣೆಗೆ ಸುಮಾರು 61,200. ಅಷ್ಟರಲ್ಲಿ ಅಮ್ಮನಿಗೆ ಸ್ನಾನಕ್ಕೂ ಊಟಕ್ಕೂ ಸಹಾಯ ಬೇಕಾದರೆ ಹೆಚ್ಚುವರಿ ಆರೈಕೆಗೆ 12,000 ಸೇರಿಸಿ. ಔಷಧ, ಡಯಾಪರ್ 14,000. ಒಟ್ಟು 87,200. ಪಿಂಚಣಿ 26,000ಕ್ಕೂ ಬಾಡಿಗೆ 12,000ಕ್ಕೂ ಏರಿತು ಅಂದುಕೊಂಡರೂ ಆದಾಯ 48,250. ಕೊರತೆ ಸುಮಾರು 39,000, ಮೊದಲ ವರ್ಷದ ಮೂರು ಪಟ್ಟು.

ಎರಡನೇ ಅಂಕಿಯನ್ನು ನಿಭಾಯಿಸಲು ಆಗುತ್ತದೆಯೇ ಎಂದು ಅಣ್ಣ ತಮ್ಮ ಅಕ್ಕ ತಂಗಿಯರು ಕೂತು ಮಾತಾಡಿ. ಆಗುವುದಿಲ್ಲ ಎಂದಾದರೆ ಈಗಲೇ ಸ್ವಲ್ಪ ಕಡಿಮೆ ದರದ ವಸತಿ ನೋಡುವುದು ಮೇಲು. ಮರೆವು ಹೆಚ್ಚಾದ ಕಾಲಕ್ಕೆ, ಒಗ್ಗಿಹೋದ ಜಾಗ ಬಿಡಿಸಿ ಹೊಸ ಜಾಗಕ್ಕೆ ಸೇರಿಸುವುದು ಹಿರಿಯರಿಗೆ ತುಂಬ ಕಷ್ಟ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಹಣ ಇಟ್ಟ ದಿನದ ದರ ಐದು ವರ್ಷದ ಅವಧಿ ಪೂರ್ತಿ ಇರುತ್ತದೆ.

ವಿಮೆ ಯಾವುದಕ್ಕೆ ಸಿಗುತ್ತದೆ?

ಆರೋಗ್ಯ ವಿಮೆಯ ಪಾಲಿಸಿ ತೆಗೆದು 'ಹೊರತುಪಡಿಸಿದ ವೆಚ್ಚಗಳು' ಪುಟ ನೋಡಿ. ವಿಶ್ರಾಂತಿ, ಪುನಶ್ಚೇತನ ಮತ್ತು ತಾತ್ಕಾಲಿಕ ಆರೈಕೆ ಎಂಬ ಕಲಮು ಇರುತ್ತದೆ. ಅದರ ಸಂಕೇತ ಸಂಖ್ಯೆ 05. ಸ್ನಾನ, ಬಟ್ಟೆ, ಓಡಾಟದಂಥ ದಿನನಿತ್ಯದ ಕೆಲಸಗಳಿಗೆ ಮನೆಯಲ್ಲಾಗಲಿ ಆರೈಕೆ ಕೇಂದ್ರದಲ್ಲಾಗಲಿ ಪಡೆಯುವ ಸಹಾಯಕ್ಕೆ ಹಣ ಸಿಗುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ನರ್ಸ್ ಮಾಡಿದರೂ ಅಷ್ಟೇ. ವಸತಿಯವರು 'ಬಿಲ್ ಕೊಡುತ್ತೇವೆ, ಕ್ಲೇಮ್ ಮಾಡಿಕೊಳ್ಳಿ' ಅಂದರೆ ನಂಬಿ ಲೆಕ್ಕ ಹಾಕಬೇಡಿ.

ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಶುರುವಾಯಿತು. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಖಾಸಗಿ ವಿಮೆ ಇದ್ದರೂ ಪಡೆಯಬಹುದು. ಸಿಜಿಎಚ್‌ಎಸ್‌ನಂಥ ಸರ್ಕಾರಿ ಸೌಲಭ್ಯ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಸತಿಯ ಶುಲ್ಕಕ್ಕೆ ಇದೂ ಬರುವುದಿಲ್ಲ. ಆದರೂ ಮಾಡಿಸಿಡಿ. ಆಸ್ಪತ್ರೆಯ ಒಂದು ದೊಡ್ಡ ಬಿಲ್ ಆರೈಕೆಗೆಂದು ಇಟ್ಟ ಹಣವನ್ನು ನುಂಗದಂತೆ ಇದು ತಡೆಯುತ್ತದೆ. ಆಧಾರ್ ವಿಳಾಸ ಊರಿನದ್ದೇ ಇದ್ದರೆ, ಪುಣೆಯ ಯಾವ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ ಎಂದು 14555ಕ್ಕೆ ಕರೆ ಮಾಡಿ ಮೊದಲೇ ಕೇಳಿಕೊಳ್ಳಿ.

ತೆರಿಗೆಯಲ್ಲಿ ಒಂದು ಅನುಕೂಲವಿದೆ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ವಿಮೆ ಇಲ್ಲದ 60 ದಾಟಿದ ತಂದೆ ತಾಯಿಯ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000 ರೂ. ವರೆಗೆ ಕಡಿತ ಪಡೆಯಬಹುದು. ನಗದಾಗಿ ಕೊಟ್ಟ ಹಣಕ್ಕೆ ಇದು ಸಿಗದು.

ನೆರವು ಎಲ್ಲಿ ಸಿಗುತ್ತದೆ?

- ಎಲ್ಡರ್‌ಲೈನ್ 14567: ಹಿರಿಯರ ರಾಷ್ಟ್ರೀಯ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಉಚಿತ. ವೃದ್ಧಾಶ್ರಮಗಳ ಮಾಹಿತಿ, ಪಿಂಚಣಿ ಮತ್ತು ಕಾನೂನಿನ ಸಲಹೆ ಸಿಗುತ್ತದೆ. ಹಿರಿಯರಿಗೆ ಕಿರುಕುಳವಾಗುತ್ತಿದ್ದರೂ ಇಲ್ಲಿಗೇ ಕರೆ ಮಾಡಿ.
- ಸಾಧನಗಳು: ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕಡಿಮೆ ಆದಾಯದ ಹಿರಿಯರಿಗೆ ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ ಉಚಿತ. ಮಹಾರಾಷ್ಟ್ರದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದ, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗಿನ ರಾಜ್ಯದ ನಿವಾಸಿಗಳಿಗೆ ಒಂದು ಸಲ 3,000 ರೂ. ಕೊಡುತ್ತಾರೆ.
- ಕ್ಯಾನ್ಸರ್ ರೋಗಿಗಳಿಗೆ: ವಾರ್ಜೆಯಲ್ಲಿರುವ ಸಿಪ್ಲಾ ಉಪಶಾಮಕ ಆರೈಕೆ ಕೇಂದ್ರದಲ್ಲಿ ನೋವು ನಿವಾರಣೆ ಮತ್ತು ಆರೈಕೆ ಉಚಿತ. ಮನೆಯವರಿಗೂ ಆರೈಕೆಯ ತರಬೇತಿ ಕೊಡುತ್ತಾರೆ.
- ಮಕ್ಕಳು ನೋಡಿಕೊಳ್ಳದಿದ್ದರೆ: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹಿರಿಯರು ಇರುವ ಜಿಲ್ಲೆಯಲ್ಲೂ, ಮಕ್ಕಳು ಇರುವ ಜಿಲ್ಲೆಯಲ್ಲೂ ಅರ್ಜಿ ನಡೆಯುತ್ತದೆ. ಕಾಯ್ದೆಯಲ್ಲಿ ತಿಂಗಳಿಗೆ 10,000 ರೂ. ಮಿತಿ ಇದೆ. ಒಬ್ಬ ಮಗನೋ ಮಗಳೋ ಎಲ್ಲ ಖರ್ಚು ಹೊತ್ತು ಉಳಿದವರು ಕೈ ಕೊಡವಿಕೊಂಡಾಗಲೂ, ತಾಯಿ ಉಳಿದ ಮಕ್ಕಳ ಮೇಲೆ ಅರ್ಜಿ ಹಾಕಬಹುದು.

ಮನೆ ಮತ್ತು ಸಹಿ

ಊರಿನ ಮನೆಯ ಮೇಲೆ 'ರಿವರ್ಸ್ ಮಾರ್ಟ್‌ಗೇಜ್' ಸಾಲ ತೆಗೆದು ಶುಲ್ಕ ಕಟ್ಟೋಣ ಎಂದು ಕೆಲವರು ಯೋಚಿಸುತ್ತಾರೆ. ಹಿರಿಯರು ಆ ಮನೆಯಲ್ಲೇ ವಾಸವಿರಬೇಕು ಎಂಬುದು ಈ ಸಾಲದ ನಿಯಮ. ಅವರು ಶಾಶ್ವತವಾಗಿ ಆರೈಕೆ ಕೇಂದ್ರಕ್ಕೆ ಹೋದರೆ, ಸಾಮಾನ್ಯವಾಗಿ ಒಂದು ವರ್ಷ ಮನೆಯಲ್ಲಿ ಇಲ್ಲದಿದ್ದರೆ, ಸಾಲ ತೀರಿಸಬೇಕಾಗುತ್ತದೆ. ಮನೆಯಲ್ಲೇ ಆರೈಕೆ ಪಡೆಯುವವರಿಗೆ ಇದು ಸರಿ. ವಸತಿಗೆ ಹೋಗುವವರಿಗೆ ಬಾಡಿಗೆಗೆ ಕೊಡುವುದೋ ಮಾರುವುದೋ ಆಗಬೇಕು.

'ಅಮ್ಮನನ್ನು ನೋಡಿಕೊಳ್ಳುತ್ತೇವೆ, ಮನೆ ನಮ್ಮ ಹೆಸರಿಗೆ ಬರೆಯಲಿ' ಎಂಬ ಮಾತು ಬಂದರೆ ಅವಸರ ಮಾಡಬೇಡಿ. ದಾನಪತ್ರ ಬರೆಯುವುದೇ ಆದರೆ, ಆರೈಕೆ ಮಾಡಬೇಕು ಎಂಬ ಷರತ್ತು ಅದರಲ್ಲೇ ಇರಲಿ. ಷರತ್ತು ಮುರಿದರೆ 2007ರ ಕಾಯ್ದೆಯ 23ನೇ ಕಲಮಿನಡಿ ದಾನವನ್ನು ರದ್ದು ಮಾಡಿಸಬಹುದು.

ಮರೆವಿನ ಕಾಯಿಲೆಯ ಆರಂಭದಲ್ಲೇ ಬ್ಯಾಂಕ್ ಕೆಲಸ ಮುಗಿಸಿ. ಸಾಮಾನ್ಯ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ನಡೆಯುವುದಿಲ್ಲ. ಆಮೇಲೆ ಹೈಕೋರ್ಟ್‌ಗೆ ಹೋಗುವ ಪರಿಸ್ಥಿತಿ ಬರಬಹುದು. ಪಿಂಚಣಿ ಖಾತೆ, ನಾಮನಿರ್ದೇಶನ, ಉಯಿಲು, ಎಲ್ಲವನ್ನೂ ಅವರು ಸ್ವತಃ ತಿಳಿದು ಸಹಿ ಹಾಕಬಲ್ಲ ಕಾಲದಲ್ಲೇ ಸರಿಮಾಡಿಕೊಳ್ಳಿ.

ಭಾಷೆಯ ಖರ್ಚು

ಮರೆವಿನ ಕಾಯಿಲೆಯಲ್ಲಿ ಅನೇಕರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಮೂವತ್ತು ವರ್ಷ ಮರಾಠಿ ಹಿಂದಿ ಆಡಿದವರೂ ಕನ್ನಡಕ್ಕೇ ಮರಳುತ್ತಾರೆ. ರಾತ್ರಿ ಪಾಳಿಯ ಹುಡುಗಿಗೆ 'ಒಂದಕ್ಕ ಹೋಗಬೇಕು' ಎಂಬುದು ಅರ್ಥವಾಗದಿದ್ದರೆ ಹಾಸಿಗೆ ಒದ್ದೆಯಾಗುತ್ತದೆ. ಮರುದಿನ ಡಯಾಪರ್ ಶುರು. ಹಿಡಿತ ಇದ್ದವರಿಗೆ ಇಲ್ಲ ಎಂದು ದಾಖಲಾಗುತ್ತದೆ, ಶುಲ್ಕವೂ ಏರುತ್ತದೆ.

ಕೇಳಿ ನೋಡಿ: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಸಿಬ್ಬಂದಿ ಇದ್ದಾರೆಯೇ? ಆ ಭಾಗದ ಅನೇಕರಿಗೆ ಕನ್ನಡ ಬರುತ್ತದೆ. ಇಲ್ಲವಾದರೆ ಒಂದು ಹಾಳೆಯಲ್ಲಿ ಅಮ್ಮ ಆಡುವ ಇಪ್ಪತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಕೊಟ್ಟು, ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿ. ನೀರು, ಹಸಿವು, ನೋವು, ತಲೆ ಸುತ್ತು, ಒಂದಕ್ಕೆ, ಎರಡಕ್ಕೆ, ಸಾಕು, ಚಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಪುಣೆಯ ಕನ್ನಡ ಸಂಘದ ಪರಿಚಿತರಲ್ಲಿ ವಿಚಾರಿಸಿದರೆ, ಈಗಾಗಲೇ ತಂದೆ ತಾಯಿಯನ್ನು ಸೇರಿಸಿರುವ ಮನೆಯವರೂ ಸಿಗಬಹುದು.

ಕರಾರಿಗೆ ಸಹಿ ಹಾಕುವ ಮುನ್ನ

ಇವುಗಳಿಗೆ ಉತ್ತರ ಬರಹದಲ್ಲಿ ಪಡೆಯಿರಿ.

1. ವರ್ಷಕ್ಕೆ ಶುಲ್ಕ ಎಷ್ಟು ಏರುತ್ತದೆ? ಗರಿಷ್ಠ ಮಿತಿ ಇದೆಯೇ?
2. ಆರೈಕೆಯ ಮಟ್ಟ ಹೆಚ್ಚಿದೆ ಎಂದು ಯಾರು ತೀರ್ಮಾನಿಸುತ್ತಾರೆ? ನಮ್ಮ ವೈದ್ಯರ ಅಭಿಪ್ರಾಯಕ್ಕೆ ಬೆಲೆ ಇದೆಯೇ?
3. ಠೇವಣಿ ಎಷ್ಟು? ಬಿಟ್ಟು ಹೋದರೆ ಅಥವಾ ತೀರಿಕೊಂಡರೆ ಎಷ್ಟು ದಿನದಲ್ಲಿ, ಎಷ್ಟು ವಾಪಸ್?
4. ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಶುಲ್ಕವೇ?
5. ರಾತ್ರಿ ಎಷ್ಟು ಹಿರಿಯರಿಗೆ ಎಷ್ಟು ಸಿಬ್ಬಂದಿ? ನರ್ಸ್ ಇರುತ್ತಾರೆಯೇ?
6. ಯಾವ ಸ್ಥಿತಿ ಬಂದರೆ 'ಕರೆದುಕೊಂಡು ಹೋಗಿ' ಅನ್ನುತ್ತೀರಿ? ಎಷ್ಟು ದಿನದ ನೋಟಿಸ್?
7. ಕೊನೆಯ ದಿನಗಳ ಆರೈಕೆ ಇಲ್ಲೇ ಸಾಧ್ಯವೇ?

ನೋಡಲು ಹೋಗುವಾಗ ಊಟದ ಹೊತ್ತಿಗೆ ಒಮ್ಮೆ, ಭಾನುವಾರ ಸಂಜೆ ಒಮ್ಮೆ ಹೋಗಿ. ಕರೆಗಂಟೆ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ಮಲಗಿದವರನ್ನು ಎಷ್ಟು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ, ಎಲ್ಲಿ ಬರೆದಿಡುತ್ತಾರೆ ಎಂದು ಕೇಳಿ. ಎರಡು ತಾಸಿಗೊಮ್ಮೆ ಬದಲಿಸುವುದು ರೂಢಿ. ಬರೆದಿಡುವ ಕಡೆ ಹಾಸಿಗೆ ಹುಣ್ಣಿನ ಅಪಾಯ ಕಡಿಮೆ. ಸಾಧ್ಯವಾದರೆ ಹದಿನೈದು ದಿನ ಪ್ರಾಯೋಗಿಕವಾಗಿ ಇರಿಸಿ ನೋಡಿ. ಅನೇಕ ವಸತಿಗಳು ಇದಕ್ಕೆ ದಿನದ ಲೆಕ್ಕದಲ್ಲಿ ಶುಲ್ಕ ಪಡೆಯುತ್ತವೆ.

ಇಷ್ಟೆಲ್ಲ ವಿಚಾರಣೆಯನ್ನು ಅಮ್ಮನ ಬೆನ್ನ ಹಿಂದೆ ಮಾಡಬೇಡಿ. 'ನಾಲ್ಕು ದಿನ ಆಸ್ಪತ್ರೆಯಲ್ಲಿರು' ಎಂದು ಸುಳ್ಳು ಹೇಳಿ ಬಿಟ್ಟು ಬಂದರೆ, ಅವರು ದಿನವೂ ಬಾಗಿಲು ಕಾಯುತ್ತಾರೆ, ಊಟ ಬಿಡುತ್ತಾರೆ. ಎರಡು ಮೂರು ಜಾಗ ತೋರಿಸಿ. ಕೋಣೆ, ಕಿಟಕಿ, ದೇವರ ಫೋಟೊ ಇಡುವ ಜಾಗ, ಅವರು ಆರಿಸಲಿ. ಹಣದ ಲೆಕ್ಕವನ್ನೂ ಅವರಿಗೆ ಹೇಳಿ. ಪಿಂಚಣಿ ಅವರದು, ಮನೆ ಅವರದು.

ಈ ವಾರ ಮೂರು ಕೆಲಸ ಮಾಡಿದರೆ ಸಾಕು. ಆರು ಕೆಲಸಗಳ ಪಟ್ಟಿ ಬರೆಯಿರಿ, ವೈದ್ಯರ ಭೇಟಿ ಗೊತ್ತುಮಾಡಿ, ಐದು ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಹಾಕಿ ಒಡಹುಟ್ಟಿದವರಿಗೆ ಕಳಿಸಿ. ವಸತಿಗಳಿಗೆ ಫೋನ್ ಮಾಡುವುದು ಅದಾದ ಮೇಲೆ.